ಕಿವಿಯ ಗಂಟು ಮತ್ತು ಮೈನಸ್ 196 ಡಿಗ್ರಿ

ಮೊದಲೇ ಹೇಳಿಬಿಡುತ್ತೇನೆ. ನಾನು ಓದುತ್ತಿರುವುದು ಕಾಮರ್ಸ್. ಎಸ್‌ಎಸ್‌ಎಲ್‌ಸಿ ಮುಗಿದ ವಾರವೇ ವಿಜ್ಞಾನದ ಪುಸ್ತಕವನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟು ಡೆಬಿಟ್ ಕ್ರೆಡಿಟ್ ಹಿಡಿದವಳು ನಾನು. ಆದರೂ ಚರ್ಮದ ವಿಷಯ ಬರೆಯಲು ಕೂತಿದ್ದೇನೆ, ಅದಕ್ಕೆ ಕಾರಣ ನನ್ನ ಆಪಾಳ ಬಲಗಿವಿ. ಏಳು ತಿಂಗಳಿಂದ ಅವಳ ಜೊತೆ ಆಸ್ಪತ್ರೆಗೆ ಹೋಗುತ್ತಿರುವುದು ನಾನೇ. ಕಾಯುವ ಬೆಂಚಿನ ಮೇಲೆ ಕೇಳಿಸಿಕೊಂಡದ್ದು, ಡಾಕ್ಟರ್ ಮೇಡಂ ವಿವರಿಸಿದ್ದು, ಆಮೇಲೆ ನಮ್ಮ ಬಯಾಲಜಿ ಮಿಸ್ ಹತ್ತಿರ ಕೂತು ತಿದ್ದಿಕೊಂಡದ್ದು ಎಲ್ಲ ಸೇರಿ ಈ ಲೇಖನ ಆಗಿದೆ. ಬರೆಯಲಾ ಎಂದು ಆಪಾಳನ್ನು ಕೇಳಿದಾಗ, "ಹೆಸರು ಹಾಕಬೇಡ, ಫೋಟೋ ಹಾಕಬೇಡ, ಬಾಕಿ ಏನು ಬೇಕಾದರೂ ಬರೆ" ಎಂದಳು.

ಆಪಾಗೆ ಚಿಕ್ಕಂದಿನಲ್ಲೇ ದಾದಿ ಕಿವಿ ಚುಚ್ಚಿಸಿದ್ದರು. ಅದರಿಂದ ಏನೂ ತೊಂದರೆ ಆಗಲಿಲ್ಲ. ಪಿಯುಸಿ ಓದುವಾಗ ಗೆಳತಿಯರ ಜೊತೆ ಹೋಗಿ ಅದೇ ಹಾಲೆಯಲ್ಲಿ, ಸ್ವಲ್ಪ ಮೇಲೆ, ಎರಡನೇ ತೂತು ಹಾಕಿಸಿಕೊಂಡಳು. ಗನ್ನಿನಿಂದ ಟಕ್ ಅಂತ ಹೊಡೆದರಂತೆ, ಎರಡು ನಿಮಿಷದ ಕೆಲಸ. ಒಂದೆರಡು ವಾರ ಕೀವು ಬಂತು, ಅರಿಶಿನ ಎಣ್ಣೆ ಹಚ್ಚಿದಳು, ಒಣಗಿತು. ಎಲ್ಲ ಮರೆತುಹೋದ ಮೇಲೆ, ಸುಮಾರು ಐದಾರು ತಿಂಗಳಿಗೆ, ಓಲೆಯ ತಿರುಪು ಕೂರುವ ಹಿಂಬದಿಯಲ್ಲಿ ತೊಗರಿಬೇಳೆಯಷ್ಟು ಗಟ್ಟಿಯಾದ ಗಂಟು ಕೈಗೆ ಸಿಕ್ಕಿತು. ವರ್ಷದೊಳಗೆ ಅದು ಕಡಲೆಕಾಯಿಯಷ್ಟಾಯಿತು.

ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಚಿನ್ನ ಅಸಲಿ ಅಲ್ಲ ಎಂದರು ಖಾಲಾ. ಬದನೆಕಾಯಿ ಬಿಡು ಎಂದರು ಇನ್ನೊಬ್ಬರು. ಸುಣ್ಣ ಹಚ್ಚು, ದಾರ ಕಟ್ಟು, ತಾನೇ ಬಿದ್ದುಹೋಗುತ್ತದೆ ಎಂದೂ ಹೇಳಿದರು. ಎಲ್ಲರಿಗಿಂತ ಹೆಚ್ಚು ಬಾರಿ ಕೇಳಿದ ಮಾತು ಮಾತ್ರ ಇದು: "ಹೇಗೂ ದುಪಟ್ಟಾದ ಒಳಗೆ ಕಾಣುವುದಿಲ್ಲ, ಬಿಟ್ಟುಬಿಡು." ಕಾಣುವುದಿಲ್ಲ ನಿಜ. ಆದರೆ ಆ ಗಂಟು ತುರಿಸುತ್ತದೆ. ಬಲಮಗ್ಗುಲಾಗಿ ಮಲಗಿದರೆ ಚುಚ್ಚುತ್ತದೆ. ಫೋನ್ ಎಡಗಿವಿಗೇ ಹಿಡಿಯಬೇಕು. ಪಿನ್ನು ಹಾಕುವಾಗ ಬಟ್ಟೆ ಅದರ ಮೇಲೆ ಉಜ್ಜಿದರೆ ಮುಖ ಕಿವುಚುತ್ತಾಳೆ. ಇದೆಲ್ಲ ಮುಚ್ಚಿಟ್ಟರೆ ಹೋಗುವಂಥದ್ದಲ್ಲ.

ಕೊನೆಗೆ ಒಂದು ಕ್ಲಿನಿಕ್‌ನಲ್ಲಿ ಕತ್ತರಿಸಿ ಹೊಲಿಗೆ ಹಾಕಿಸಿದೆವು. 11,000 ರೂಪಾಯಿ ಆಯಿತು. ಹೊಲಿಗೆ ಬಿಚ್ಚಿದ ದಿನ ಕಿವಿ ಎಷ್ಟು ಚೆನ್ನಾಗಿತ್ತೆಂದರೆ ಅಮ್ಮಿ ಮಿಠಾಯಿ ತರಿಸಿದರು. ಇನ್ನೇನಾದರೂ ಮಾಡಬೇಕೆಂದು ಅಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದು ವರ್ಷದೊಳಗೆ ಗಂಟು ವಾಪಸ್ ಬಂತು, ಈ ಸಲ ಹಾಲೆಯ ಮುಂದೆ ಒಂದು, ಹಿಂದೆ ಒಂದು, ನಡುವೆ ತೂತಿನ ದಾರಿಯಲ್ಲಿ ಸೇರಿಕೊಂಡಿತ್ತು. ಜಿಮ್ಮಿನ ಡಂಬೆಲ್ ನೆನಪಿಸಿಕೊಳ್ಳಿ, ಹಾಗೆ.

ಇದಕ್ಕೆ ಏನೆನ್ನುತ್ತಾರೆ

ವೈದ್ಯರು ಇದನ್ನು ಕೀಲಾಯ್ಡ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಪದದಿಂದ ಬಂದ ಹೆಸರು. ಪ್ಯಾರಿಸ್ಸಿನ ಚರ್ಮವೈದ್ಯ ಅಲಿಬೆರ್ ಸುಮಾರು ಇನ್ನೂರು ವರ್ಷಗಳ ಹಿಂದೆ ಇಟ್ಟದ್ದು. ಈ ಕಲೆ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಏಡಿಯ ಕೊಂಡಿಯ ಹಾಗೆ ಚಾಚಿಕೊಳ್ಳುವುದೇ ಅದಕ್ಕೆ ಕಾರಣ.

ಗಾಯವಾದಾಗ ಚರ್ಮದೊಳಗಿನ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕಾಲಜನ್ ಎಂಬ ನಾರನ್ನು ಹೆಣೆದು ತೂತು ಮುಚ್ಚುತ್ತವೆ. ಕೆಲಸ ಮುಗಿದ ಮೇಲೆ ನಿಲ್ಲಿಸಬೇಕು. ಕೀಲಾಯ್ಡ್ ಆಗುವವರಲ್ಲಿ ಅವು ನಿಲ್ಲಿಸುವುದಿಲ್ಲ. ನಮ್ಮ ಅಬ್ಬಾ ಪೀಣ್ಯದಲ್ಲಿ ಲೇತ್ ಆಪರೇಟರ್. ಅವರಿಗೆ ಇದನ್ನು ವಿವರಿಸಿದಾಗ ಒಂದೇ ಮಾತಿನಲ್ಲಿ ಹೇಳಿದರು: "ಆಫ್ ಸ್ವಿಚ್ ಕೆಟ್ಟಿದೆ."

ಗಾಯದ ಗಡಿಯೊಳಗೇ ಉಬ್ಬಿ, ಕಾಲಕ್ರಮೇಣ ತಾನಾಗಿ ತಗ್ಗುವ ಕಲೆ ಬೇರೆ. ಅದು ಕೀಲಾಯ್ಡ್ ಅಲ್ಲ. ಗಡಿ ದಾಟಿ ಬೆಳೆಯುವುದು, ತಾನಾಗಿ ತಗ್ಗದಿರುವುದು, ಕತ್ತರಿಸಿದರೆ ಮತ್ತೆ ಬರುವುದು, ಇವು ಕೀಲಾಯ್ಡ್‌ನ ಗುಣ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಹಾಲೆ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ದವಡೆಯ ಅಂಚು ಇದಕ್ಕೆ ಇಷ್ಟವಾದ ಜಾಗಗಳು. ಅಂಗೈ ಅಂಗಾಲಿನಲ್ಲಿ ಬರುವುದು ಬಹಳ ಅಪರೂಪ. ಹತ್ತರಿಂದ ಮೂವತ್ತು ವರ್ಷದವರಲ್ಲಿ, ಅಂದರೆ ಈ ಪತ್ರಿಕೆ ಓದುವ ನಮ್ಮಲ್ಲೇ, ಹೆಚ್ಚು. ಬಿಳಿ ಚರ್ಮದವರಿಗಿಂತ ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ ಹೆಚ್ಚು. ಮನೆತನದಲ್ಲೂ ಬರುತ್ತದೆ.

"ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?" ಎಂದು ಡಾಕ್ಟರ್ ಮೇಡಂ ಕೇಳಿದಾಗ ನಾವಿಬ್ಬರೂ ಇಲ್ಲ ಎಂದೆವು. ರಾತ್ರಿ ಮನೆಗೆ ಬಂದ ಮೇಲೆ ಅಬ್ಬಾನ ಎದೆಯ ಮೇಲಿನ ಉಬ್ಬು ನೆನಪಾಯಿತು. ಹುಡುಗನಾಗಿದ್ದಾಗ ಮೊಡವೆ ಒಡೆದ ಜಾಗವಂತೆ. ಇಷ್ಟು ವರ್ಷ ನೋಡಿದ್ದೇವೆ, ಎರಡನ್ನೂ ಜೋಡಿಸಿ ಯೋಚಿಸಿರಲಿಲ್ಲ.

2005ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆ 'ಪೀಡಿಯಾಟ್ರಿಕ್ಸ್'ನಲ್ಲಿ ಒಂದು ಚಿಕ್ಕ ಅಧ್ಯಯನ ಬಂದಿತ್ತು. ಕಿವಿ ಚುಚ್ಚಿಸಿ ಕೀಲಾಯ್ಡ್ ಆದವರನ್ನು ವಿಚಾರಿಸಿದಾಗ, 11 ವರ್ಷಕ್ಕಿಂತ ಮೊದಲು ಚುಚ್ಚಿಸಿಕೊಂಡವರಿಗಿಂತ ನಂತರ ಚುಚ್ಚಿಸಿಕೊಂಡವರಲ್ಲಿ ಕೀಲಾಯ್ಡ್ ಹೆಚ್ಚು ಕಂಡಿತು. ದಾದಿ ಚುಚ್ಚಿಸಿದ ತೂತು ಸುಮ್ಮನಿದ್ದು, ಆಪಾ ಹದಿನಾರರಲ್ಲಿ ಹಾಕಿಸಿಕೊಂಡ ತೂತು ಗಂಟಾದದ್ದು ಇದಕ್ಕೆ ಸರಿಹೊಂದುತ್ತದೆ. ಹಳೆಯ ಕಾಲದವರು ಎಳೆ ಕೂಸಿಗೇ ಕಿವಿ ಚುಚ್ಚುತ್ತಿದ್ದುದಕ್ಕೆ ಕಾರಣ ಇದೇ ಎಂದು ನಾನು ಹೇಳುತ್ತಿಲ್ಲ. ಅವರ ಲೆಕ್ಕ ಅವರದು.

ಚಳಿ ಎಂದರೆ ಎಂಥ ಚಳಿ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಅಂಗಡಿಯ ಐಸ್‌ಕ್ರೀಂ ಡಬ್ಬಿ ಇರುವುದು ಸುಮಾರು ಮೈನಸ್ 18ರಲ್ಲಿ. ಆಪಾಳ ಕಿವಿಗೆ ಹೊಡೆಯುವ ದ್ರವ ಸಾರಜನಕ, ಅಂದರೆ ಲಿಕ್ವಿಡ್ ನೈಟ್ರೋಜನ್, ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ. ನಾವು ಉಸಿರಾಡುವ ಗಾಳಿಯ 78 ಭಾಗ ಇದೇ ಸಾರಜನಕ. ಗಾಳಿಯನ್ನು ಒತ್ತಿ, ತಣ್ಣಗೆ ಮಾಡಿ, ದ್ರವವಾಗಿಸಿ, ಅದರಿಂದ ಇದನ್ನು ಬೇರ್ಪಡಿಸುತ್ತಾರೆ.

ಆಸ್ಪತ್ರೆಯಲ್ಲಿ ಮೊದಲ ಸಲ ಆ ಬಿಳಿ ಹೊಗೆ ನೋಡಿ ನಾನು ಹೆದರಿದೆ. ಅಬ್ಬಾಗೆ ಹೇಳಿದರೆ ನಕ್ಕರು. ಅವರ ಕಡೆ ಕೆಲವು ಶೆಡ್ಡುಗಳಲ್ಲಿ ಇದು ದಿನಬಳಕೆಯ ವಸ್ತುವಂತೆ. ಬುಷ್ಷನ್ನು ಅದರಲ್ಲಿ ಅದ್ದಿದರೆ ಲೋಹ ಕುಗ್ಗುತ್ತದೆ. 50 ಮಿಲಿಮೀಟರ್ ಉಕ್ಕು ಸುಮಾರು ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಅಷ್ಟರಲ್ಲಿ ಅದನ್ನು ತೂತಿನೊಳಗೆ ಕೂರಿಸಿಬಿಟ್ಟರೆ, ಮತ್ತೆ ಬಿಸಿಯಾಗಿ ಹಿಗ್ಗಿದಾಗ ಸುತ್ತಿಗೆ ಹೊಡೆದರೂ ಅಲ್ಲಾಡುವುದಿಲ್ಲ.

ಹತ್ತಿರದಲ್ಲೇ ಇನ್ನೊಂದು ಜಾಗ ಇದೆ, ಹೆಸರಘಟ್ಟ. ಅಲ್ಲಿ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಅದೇ ಮೈನಸ್ 196ರಲ್ಲಿ ಜೀವಕೋಶ ವರ್ಷಗಟ್ಟಲೆ ಬದುಕಿರುತ್ತದೆ. ಹಾಗಾದರೆ ಕಿವಿಯಲ್ಲಿ ಏಕೆ ಸಾಯುತ್ತದೆ? ಇದನ್ನು ನಾನು ಮಿಸ್ ಹತ್ತಿರ ಕೇಳಿದೆ. ಅಲ್ಲಿ ಗ್ಲಿಸರಾಲ್‌ನಂಥ ರಕ್ಷಕ ದ್ರವ ಬೆರೆಸಿ, ಲೆಕ್ಕ ಹಾಕಿದ ವೇಗದಲ್ಲಿ ತಣಿಸುತ್ತಾರೆ. ಕೋಶದೊಳಗೆ ದೊಡ್ಡ ಮಂಜಿನ ಹರಳು ಕಟ್ಟಲು ಬಿಡುವುದಿಲ್ಲ. ಕಿವಿಯಲ್ಲಿ ಬೇಕಾಗಿರುವುದು ಇದರ ಉಲ್ಟಾ: ಬೇಗ ಹೆಪ್ಪುಗಟ್ಟಬೇಕು, ನಿಧಾನವಾಗಿ ಕರಗಬೇಕು. ಆಗ ಹರಳುಗಳು ಕೋಶವನ್ನು ಒಳಗಿನಿಂದ ಹರಿಯುತ್ತವೆ. ಗಂಟಿಗೆ ರಕ್ತ ಕೊಡುವ ಸಣ್ಣ ನಾಳಗಳೂ ಹಾಳಾಗುತ್ತವೆ. ರಕ್ತ ಸಿಗದೆ ಉಳಿದದ್ದೂ ಸಾಯುತ್ತದೆ.

ಈ ವಿದ್ಯೆ ಹೊಸದಲ್ಲ. 1899ರಲ್ಲೇ ನ್ಯೂಯಾರ್ಕಿನ ವೈದ್ಯ ಕ್ಯಾಂಪ್‌ಬೆಲ್ ವೈಟ್ ದ್ರವಗಾಳಿಯನ್ನು ಚರ್ಮದ ಕಾಯಿಲೆಗೆ ಬಳಸಿದ್ದರು. 1950ರಲ್ಲಿ ಆಲಿಂಗ್ಟನ್ ಎಂಬವರು ದ್ರವ ಸಾರಜನಕವನ್ನು ಹತ್ತಿಯ ತುದಿಯಿಂದ ಹಚ್ಚಿ ತೋರಿಸಿದರು. ಈಗ ಹತ್ತಿಯ ಬದಲು ಪಿಸ್ತೂಲಿನಂಥ ಸಣ್ಣ ಸ್ಪ್ರೇ ಬಂದಿದೆ.

ಬೆಂಚಿನ ಮೇಲೆ ನೋಡಿದ್ದು

ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಸಿಟಿಗೆ ಹೋದ ಮೊದಲ ದಿನ ಡಾಕ್ಟರ್ ಮೇಡಂ ಗಂಟನ್ನು ಅಳತೆಪಟ್ಟಿಯಿಂದ ಅಳೆದರು. ಹಿಂಬದಿ 18 ಮಿಲಿಮೀಟರ್, ಮುಂಬದಿ 9. ಫೋಟೋ ತೆಗೆದರು. ಆಮೇಲೆ, "ನೋಡಮ್ಮಾ, ಇದು ಒಂದು ದಿನದ ಕೆಲಸ ಅಲ್ಲ. ನಡುವೆ ಬಿಟ್ಟುಹೋಗುವುದಾದರೆ ಈಗಲೇ ಹೇಳಿಬಿಡು" ಎಂದರು. ಆಪಾ ನನ್ನ ಮುಖ ನೋಡಿದಳು. ನಾನು ಏನು ಹೇಳಲಿ!

ಸ್ಪ್ರೇ ಹೊಡೆದಾಗ ಗಂಟು ಕ್ಷಣದಲ್ಲಿ ಸೀಮೆಸುಣ್ಣದಂತೆ ಬೆಳ್ಳಗಾಯಿತು. ಹದಿನೈದು ಇಪ್ಪತ್ತು ಸೆಕೆಂಡು ಹಾಗೇ ಹಿಡಿದರು. ನಿಲ್ಲಿಸಿ, ಪೂರ್ತಿ ಕರಗಿ ಮತ್ತೆ ಚರ್ಮದ ಬಣ್ಣ ಬರುವವರೆಗೆ ಕಾದರು. ಮತ್ತೆ ಹೊಡೆದರು. ಹತ್ತು ಹದಿನೈದು ನಿಮಿಷ ಬಿಟ್ಟು ಅದೇ ಗಂಟಿಗೆ ಟ್ರಯಾಮ್‌ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಈ ಕ್ರಮಕ್ಕೆ ಕಾರಣವಿದೆ. ಕೀಲಾಯ್ಡ್ ಒಳಗೆ ಟೈರಿನಷ್ಟು ಗಟ್ಟಿ, ಔಷಧಿ ತಳ್ಳಿದರೆ ಹೋಗುವುದಿಲ್ಲ. ಹೆಪ್ಪುಗಟ್ಟಿ ಕರಗಿದ ಮೇಲೆ ಊದಿಕೊಂಡು ಮೆತ್ತಗಾಗುತ್ತದೆ, ಆಗ ಔಷಧಿ ಒಳಗೆ ಹರಡುತ್ತದೆ. ಚಳಿ ಗಂಟನ್ನು ಕೊಲ್ಲುತ್ತದೆ, ಸ್ಟೀರಾಯ್ಡ್ ಹೊಸ ನಾರು ಹೆಣೆಯುವುದನ್ನು ತಡೆಯುತ್ತದೆ. ಎರಡೂ ಸೇರಿದರೆ ಒಂದೊಂದಕ್ಕಿಂತ ಒಳ್ಳೆಯದು ಎಂದರು.

ನೋವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಡೆಯುವಾಗಿಗಿಂತ ಕರಗುವಾಗ ಹೆಚ್ಚು ಎಂದಳು ಆಪಾ. ಮೆಟ್ರೋದಲ್ಲಿ ಇಡೀ ದಾರಿ ಕಣ್ಣು ಮುಚ್ಚಿ ಕೂತಿದ್ದಳು. ಮರುದಿನ ನೀರುಗುಳ್ಳೆ ಎದ್ದಿತು. ಒಡೆಯಬಾರದು, ಒಡೆದರೆ ಸೋಪಿನ ನೀರಿನಿಂದ ಮೃದುವಾಗಿ ತೊಳೆದು ಮುಲಾಮು ಹಚ್ಚಬೇಕು ಎಂದು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಕೆಲವು ದಿನ ನೀರು ಸೋರಿತು, ಆಮೇಲೆ ಕಪ್ಪು ಹೊಕ್ಕಳೆ ಕಟ್ಟಿ ಮೂರನೇ ವಾರ ಉದುರಿತು. ನಾಲ್ಕನೇ ವಾರ ಮುಂದಿನ ಸಿಟ್ಟಿಂಗ್.

ದೊಡ್ಡ ಗಂಟಿಗೆ ಮೇಲಿನಿಂದ ಹೊಡೆದರೆ ಚಳಿ ಆಳಕ್ಕೆ ಇಳಿಯುವುದಿಲ್ಲ. ಅದಕ್ಕೆ ಗಂಟಿನೊಳಗೇ ಸೂಜಿ ತೂರಿಸಿ, ಆ ಸೂಜಿಯ ಮೂಲಕ ದ್ರವ ಸಾರಜನಕ ಹಾಯಿಸಿ, ಒಳಗಿನಿಂದ ಹೊರಗೆ ಹೆಪ್ಪುಗಟ್ಟಿಸುವ ವಿಧಾನ ಇದೆ. 1993ರಲ್ಲಿ ಈಜಿಪ್ಟಿನ ವೈದ್ಯ ವೆಶಾಹಿ ಇದರ ಬಗ್ಗೆ ಬರೆದರು. ನನಗೆ ಹೆಚ್ಚು ಇಷ್ಟವಾದದ್ದು ನಮ್ಮ ದೇಶದ ಕೆಲಸ. ಚಂಡೀಗಢದ ಪಿಜಿಐ ಆಸ್ಪತ್ರೆಯ ಸೋಮೇಶ್ ಗುಪ್ತಾ ಮತ್ತು ಭೂಷಣ್ ಕುಮಾರ್ 2001ರಲ್ಲಿ ಪ್ರಕಟಿಸಿದ್ದು. ಬೇರೆ ಯಾವುದಕ್ಕೂ ಬಗ್ಗದ ದಪ್ಪ ಕೀಲಾಯ್ಡ್‌ಗಳಿಗೆ ಅವರು ಬಳಸಿದ್ದು ವಿಶೇಷ ಉಪಕರಣ ಅಲ್ಲ. ಬೆನ್ನಿನಿಂದ ನೀರು ತೆಗೆಯುವ ಉದ್ದ ಸೂಜಿ, ಮಾಮೂಲಿ ಇಂಜೆಕ್ಷನ್ ಸೂಜಿ, ಅಷ್ಟೇ. ಯಾವ ಆಸ್ಪತ್ರೆಯಲ್ಲಾದರೂ ಸಿಗುವ ವಸ್ತು. 2003ರಲ್ಲಿ ಇಸ್ರೇಲಿನ ಹರ್-ಶಾಯ್ ಮತ್ತು ಸಂಗಡಿಗರು ಇದಕ್ಕೆಂದೇ ತಯಾರಿಸಿದ ಸೂಜಿಯಿಂದ ಒಂದೇ ಸಿಟ್ಟಿಂಗ್‌ನಲ್ಲಿ ಗಂಟಿನ ಗಾತ್ರ ಸರಾಸರಿ ಅರ್ಧದಷ್ಟು ಇಳಿಯಿತೆಂದು ವರದಿ ಮಾಡಿದರು. ಕಾಮರ್ಸ್ ಕಣ್ಣಿನಿಂದ ನೋಡಿದರೆ ಚಂಡೀಗಢದ್ದು ಬಡವರಿಗೂ ಎಟುಕುವ ದಾರಿ.

ಬಿಳಿ ಮಚ್ಚೆಯ ಪ್ರಶ್ನೆ

ಆಪಾಗೆ ನಿಜವಾದ ಭಯ ನೋವಿನದಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳು ಬಹಳ ನಾಜೂಕು. ಮೈನಸ್ 4ರಿಂದ 7 ಡಿಗ್ರಿಗೇ ಸಾಯುತ್ತವೆ. ಕೊಲ್ಲಬೇಕಾದ ಫೈಬ್ರೊಬ್ಲಾಸ್ಟ್ ಸಾಯಲು ಮೈನಸ್ 30, 40ರವರೆಗೆ ಹೋಗಬೇಕು. ಅಂದರೆ ಕಳ್ಳನನ್ನು ಹಿಡಿಯುವ ಮೊದಲೇ ಮನೆಯವರಿಗೆ ಪೆಟ್ಟು ಬೀಳುತ್ತದೆ. ಬಿಳಿ ಚರ್ಮದವರಲ್ಲಿ ಇದು ಎದ್ದು ಕಾಣುವುದಿಲ್ಲ, ನಮ್ಮಲ್ಲಿ ಕಾಣುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ, ಕೆಲವರಿಗೆ ಮಚ್ಚೆ ಉಳಿದುಬಿಡುತ್ತದೆ. ಸೂಜಿ ವಿಧಾನದಲ್ಲಿ ಚಳಿ ಒಳಗಿನಿಂದ ಬರುವುದರಿಂದ ಮೇಲಿನ ಬಣ್ಣಕ್ಕೆ ಹಾನಿ ಕಡಿಮೆ. ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದಲೂ ಚರ್ಮ ತೆಳುವಾಗಿ ಬೆಳ್ಳಗಾಗಬಹುದು. ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳು ಏರುಪೇರಾಗಬಹುದು, ಗಾಬರಿಪಡದೆ ಡಾಕ್ಟರಿಗೆ ಹೇಳಬೇಕು.

ಆಪಾಳ ಮಾತುಕತೆ ನಡೆಯುತ್ತಿದೆ. ಗಂಟಿಗಿಂತ ಬಿಳಿ ಮಚ್ಚೆ ನೋಡಿದರೆ ಜನ ಹೆಚ್ಚು ಮಾತಾಡುತ್ತಾರೆ, ತೊನ್ನು ಅಂದುಕೊಳ್ಳುತ್ತಾರೆ ಎಂಬುದು ಅಮ್ಮಿಯ ಚಿಂತೆ. ಎರಡನೇ ಸಿಟ್ಟಿಂಗ್ ಆದ ಮೇಲೆ ಬಿಟ್ಟುಬಿಡೋಣ ಎಂದೂ ಅಂದರು. ಆ ರಾತ್ರಿ ಮನೆಯಲ್ಲಿ ಜಗಳವೇ ಆಯಿತು. ಆಪಾ ಕಡೆಗೆ ಹೇಳಿದ್ದು: "ಅಮ್ಮಿ, ಮಚ್ಚೆ ನೋಡುವವರಿಗೆ ತೊಂದರೆ. ಗಂಟು ನನಗೆ ತೊಂದರೆ." ಅಬ್ಬಾ ಊಟ ಮಾಡುತ್ತಿದ್ದವರು ತಲೆ ಎತ್ತದೆ, "ಮುಂದಿನ ತಾರೀಖು ಯಾವಾಗ?" ಎಂದು ಕೇಳಿದರು. ಅಲ್ಲಿಗೆ ಮುಗಿಯಿತು.

ಇನ್ನು ಲೆಕ್ಕ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಆಪರೇಷನ್ನಿನ 11,000 ಮುಳುಗಿದ ಹಣ, ಅದನ್ನು ನೆನೆದು ಈಗಿನ ನಿರ್ಧಾರ ಮಾಡಬಾರದು ಎಂದು ನಮ್ಮ ಸರ್ ಪಾಠದಲ್ಲಿ ಹೇಳಿದ್ದೇ ಇಲ್ಲಿ ಕೆಲಸಕ್ಕೆ ಬಂತು. ಬರೀ ಕತ್ತರಿಸಿ ಬಿಟ್ಟರೆ ಅರ್ಧಕ್ಕೂ ಹೆಚ್ಚು ಜನರಲ್ಲಿ ಕೀಲಾಯ್ಡ್ ಮರಳಿ ಬರುತ್ತದೆ ಎಂಬುದು ವೈದ್ಯರಿಗೆ ಹಳೆಯ ವಿಷಯ. ಕತ್ತರಿಸಿದ ಮೇಲೆ ಇಂಜೆಕ್ಷನ್, ಒತ್ತಡದ ಕ್ಲಿಪ್, ಸಿಲಿಕೋನ್ ಹಾಳೆ, ಕೆಲವೊಮ್ಮೆ ವಿಕಿರಣ, ಏನಾದರೂ ಜೊತೆಗೆ ಬೇಕೇ ಬೇಕು. ಅದನ್ನು ಕೇಳಿ ತಿಳಿಯದ್ದೇ ನಮ್ಮ ತಪ್ಪು.

ಈಗಿನ ಪ್ರತಿ ಸಿಟ್ಟಿಂಗ್‌ಗೆ ಆಸ್ಪತ್ರೆಯ ಫೀಸಿಗಿಂತ ಆಪಾಳ ಅರ್ಧ ದಿನದ ಸಂಬಳವೇ ದೊಡ್ಡ ಖರ್ಚು. ಬೇರೆ ದಿನ ಬರಬಹುದಾ ಎಂದು ಕೇಳಿದೆವು. ಆಗುವುದಿಲ್ಲ ಎಂದರು, ಕಾರಣ ಕೇಳಿ ನನಗೆ ಖುಷಿಯಾಯಿತು. ದ್ರವ ಸಾರಜನಕವನ್ನು ಎಷ್ಟು ಒಳ್ಳೆಯ ಡಬ್ಬಿಯಲ್ಲಿಟ್ಟರೂ ದಿನದಿನಕ್ಕೆ ಆವಿಯಾಗುತ್ತದೆ. ಬಿಗಿಯಾಗಿ ಮುಚ್ಚಿಡುವಂತೆಯೂ ಇಲ್ಲ, ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗಿ ಡಬ್ಬಿಯನ್ನೇ ಒಡೆಯುತ್ತದೆ. ಬಳಸದಿದ್ದರೂ ಸ್ಟಾಕ್ ಕರಗುತ್ತಾ ಹೋಗುತ್ತದೆ, ನಾವು ಸಾಮಾನ್ಯ ನಷ್ಟ ಎಂದು ಬರೆಯುವಂಥದ್ದು. ಅದಕ್ಕೇ ಅಲ್ಲಿ ವಾರಕ್ಕೊಂದು ದಿನ ತರಿಸಿ, ಎಲ್ಲರನ್ನೂ ಅದೇ ದಿನ ಕರೆಯುತ್ತಾರೆ.

ಈ ವಸ್ತುವಿನ ಜೊತೆ ಆಟ ಬೇಡ. 2024ರಲ್ಲಿ ಬೆಂಗಳೂರಿನ ಒಂದು ಮದುವೆಯಲ್ಲಿ ಹೊಗೆಯ ಪಾನ್ ತಿಂದ 12 ವರ್ಷದ ಹುಡುಗಿಗೆ ಹೊಟ್ಟೆಯಲ್ಲಿ ತೂತಾಗಿ ಆಪರೇಷನ್ ಮಾಡಬೇಕಾಯಿತು. ಆ ಹೊಗೆ ಇದೇ ದ್ರವ ಸಾರಜನಕದ್ದು. ಮನೆಯಲ್ಲಿ ಫ್ರಿಜ್ಜಿನ ಐಸ್ ಒತ್ತಿದರೆ ಆಗುತ್ತದಾ ಎಂದು ನನ್ನ ಗೆಳತಿ ಕೇಳಿದಳು. ಕರಗುವ ಐಸ್ ಸೊನ್ನೆ ಡಿಗ್ರಿ, ಫೈಬ್ರೊಬ್ಲಾಸ್ಟ್‌ಗೆ ಅದು ಲೆಕ್ಕಕ್ಕಿಲ್ಲ. ದಾರ ಕಟ್ಟುವುದು, ಸುಣ್ಣ ಹಚ್ಚುವುದು ಹೊಸ ಗಾಯ ಮಾಡುತ್ತದೆ, ಹೊಸ ಗಾಯ ಹೊಸ ಗಂಟು. ಚಳಿಗೆ ಮೈಮೇಲೆ ದದ್ದು ಏಳುವವರು, ಬೆರಳು ಬೆಳ್ಳಗಾಗಿ ಮರಗಟ್ಟುವವರು ಈ ಚಿಕಿತ್ಸೆಗೆ ಮೊದಲೇ ಡಾಕ್ಟರಿಗೆ ಹೇಳಬೇಕು.

ಕಿವಿ ಚುಚ್ಚಿಸಿದ ಮೇಲೆ ಹಾಲೆ ಸುಮ್ಮನೆ ದಪ್ಪವಾಗುತ್ತಿದ್ದರೆ, ತುರಿಸುತ್ತಿದ್ದರೆ, ಓಲೆ ತೆಗೆದು ಆಗಲೇ ಚರ್ಮದ ಡಾಕ್ಟರಿಗೆ ತೋರಿಸಿ. ಬೇಳೆಯಷ್ಟಿದ್ದಾಗ ತೋರಿಸಿದ್ದರೆ ಎರಡು ಮೂರು ಸಿಟ್ಟಿಂಗ್ ಸಾಕಾಗುತ್ತಿತ್ತೇನೋ ಎಂದು ಮೇಡಂ ಆಪಾಗೆ ಹೇಳಿದರು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇರುತ್ತದೆ, ಚಳಿ ಚಿಕಿತ್ಸೆ ಯಾವ ದಿನ ಎಂದು ಮೊದಲು ವಿಚಾರಿಸಿಕೊಂಡು ಹೋಗಿ. ನನಗೂ ಕಿವಿಯ ಮೇಲಂಚಿನಲ್ಲಿ, ಬುಗುಡಿ ಹಾಕುವ ಜಾಗದಲ್ಲಿ, ಒಂದು ಸಣ್ಣ ಹರಳು ಹಾಕಿಕೊಳ್ಳುವ ಆಸೆ ಇತ್ತು. ಅಬ್ಬಾನ ಎದೆ, ಆಪಾಳ ಕಿವಿ ನೋಡಿದ ಮೇಲೆ ಅಂಟಿಸುವ ಹರಳು ತಂದುಕೊಂಡಿದ್ದೇನೆ, 20 ರೂಪಾಯಿಗೆ ಹನ್ನೆರಡು.

ಐದು ಸಿಟ್ಟಿಂಗ್ ಆಗಿದೆ. ಕಳೆದ ಸಲದ ಅಳತೆ ಹಿಂಬದಿ 8 ಮಿಲಿಮೀಟರ್, ಮುಂಬದಿ ಬಹುತೇಕ ಸಮ. ಮುಂಬದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಬಂದಿದೆ. ಈಗ ಆಪಾ ಬಲಮಗ್ಗುಲಾಗಿಯೇ ಮಲಗುತ್ತಾಳೆ. ಆರನೇ ಸಿಟ್ಟಿಂಗ್ ನಮ್ಮ ಅಕೌಂಟೆನ್ಸಿ ಪರೀಕ್ಷೆಯ ದಿನವೇ ಬಿದ್ದಿದೆ. ಈ ಸಲ ಜೊತೆಗೆ ಅಮ್ಮಿ ಹೋಗುತ್ತಾರೆ. ಒತ್ತಡದ ಕ್ಲಿಪ್ ಎಷ್ಟು ಗಂಟೆ ಹಾಕಬೇಕು, ಮಚ್ಚೆಗೆ ಏನಾದರೂ ಹಚ್ಚಬಹುದಾ ಎಂದು ಕೇಳಲು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ.